ಮಡಗಾಂವ ಹತ್ತಿರದ ಒಂದು ಕೇರ್ ಹೋಮ್: 28 ತಿಂಗಳ ಲೆಕ್ಕ

ಹೋಮಿನ ಹೆಸರು ಬರೆಯುವುದಿಲ್ಲ. ಅವ್ವ ಇನ್ನೂ ಅಲ್ಲೇ ಇದ್ದಾಳೆ, ರಾತ್ರಿ ಅವಳ ಮಗ್ಗುಲು ಬದಲಿಸುವವರು ಅವರೇ. ಮಡಗಾಂವದಿಂದ ಹದಿನೈದು ನಿಮಿಷದ ದಾರಿ, ಪೋರ್ಚುಗೀಸರ ಕಾಲದ ಮಾದರಿಯ ಹಂಚಿನ ಬಂಗಲೆ, 22 ಹಾಸಿಗೆ, ಹಿಂದೆ ತೆಂಗಿನ ತೋಟ. ಇಷ್ಟು ಗೊತ್ತಾದರೆ ಸಾಕು.

2022ರ ಫೆಬ್ರುವರಿಯಲ್ಲಿ ಹುಬ್ಬಳ್ಳಿಯ ಮನೆಯ ಬಚ್ಚಲಲ್ಲಿ ಅವ್ವ ಜಾರಿಬಿದ್ದಳು. ಆಗ ಅವಳಿಗೆ 81. ತೊಡೆಯ ಎಲುಬು ಮುರಿದು ಆಪರೇಶನ್ ಆಯಿತು. ಎಲುಬು ಕೂಡಿತು, ಆದರೆ ಆಸ್ಪತ್ರೆಗೆ ಹೋದ ಅವ್ವ ತಿರುಗಿ ಬರಲಿಲ್ಲ. ಹೊತ್ತು ಮುಳುಗಿದರೆ ಸಾಕು, ತನ್ನ ಮನೆಯಲ್ಲೇ ಕೂತು "ನಮ್ಮ ಮನಿಗೆ ಹೋಗೂಣು ನಡಿ" ಎಂದು ಸೆರಗು ಹೊದ್ದು ಎದ್ದು ನಿಲ್ಲುವಳು. ಅಣ್ಣ, ವೈನಿ ಇಬ್ಬರಿಗೂ ನೌಕರಿ. ನನ್ನದು ಮಡಗಾಂವದಲ್ಲಿ ಎರಡನೇ ಮಹಡಿ, ಲಿಫ್ಟ್ ಇಲ್ಲ. ಹೋಮ್ ಎಂದಾಗ ಅಣ್ಣ ಹೇಳಿದ್ದು ಒಂದೇ ಮಾತು: "ಮಂದಿ ಏನಂತಾರ?" ಆ ಮಂದಿಯಲ್ಲಿ ಒಬ್ಬರೂ ರಾತ್ರಿ ಎರಡಕ್ಕೆ ಹಾಸಿಗೆ ಬದಲಿಸಲು ಬಂದಿರಲಿಲ್ಲ.

ಹುಡುಕಾಟ ಶುರುವಾದಾಗ ಮೊದಲ ತೊಡಕು ಹೆಸರಿನದೇ. ನಮ್ಮ ಕಡೆ "ನರ್ಸಿಂಗ್ ಹೋಮ್" ಎಂಬ ಬೋರ್ಡ್ ಇದ್ದರೆ ಅದು ಹೆರಿಗೆ, ಹರ್ನಿಯಾ ಮಾಡುವ ಸಣ್ಣ ಆಸ್ಪತ್ರೆ. ಅಲ್ಲಿ ವಯಸ್ಸಾದವರನ್ನು ವರ್ಷಗಟ್ಟಲೆ ಇಟ್ಟುಕೊಳ್ಳುವುದಿಲ್ಲ. "ವೃದ್ಧಾಶ್ರಮ" ಎಂದರೆ ಹೆಚ್ಚಿನವರು ತಮ್ಮ ಕೆಲಸ ತಾವು ಮಾಡಿಕೊಳ್ಳುವ ಹಿರಿಯರನ್ನಷ್ಟೇ ಸೇರಿಸಿಕೊಳ್ಳುತ್ತಾರೆ. ನಮಗೆ ಬೇಕಿದ್ದದ್ದು ಇವೆರಡರ ನಡುವಿನದು. ಗೋವಾದಲ್ಲಿ ಪ್ರೊವೆದೊರಿಯಾ ಎಂಬ ಸರ್ಕಾರಿ ನೆರವಿನ ಸಂಸ್ಥೆ ನಡೆಸುವ ವೃದ್ಧಾಶ್ರಮಗಳಿವೆ. ಆ ಬಾಗಿಲು ನಾವು ತಟ್ಟಲಿಲ್ಲ. ಪಿಂಚಣಿಯೂ ಮಕ್ಕಳೂ ಇರುವ ಅವ್ವನಿಗೆ ಗತಿಯಿಲ್ಲದವರ ಹಾಸಿಗೆ ಕೇಳಲು ಮನಸ್ಸು ಬರಲಿಲ್ಲ.

ಅಮೆರಿಕದಲ್ಲಿರುವ ಅಣ್ಣನ ಮಗ ಫೋನಿನಲ್ಲಿ "ಅತ್ತಿ, ಸ್ಟಾರ್ ಎಷ್ಟದ ನೋಡು" ಎಂದ. ಅಲ್ಲಿ ನರ್ಸಿಂಗ್ ಹೋಮುಗಳಿಗೆ ಸರ್ಕಾರವೇ 2008ರಿಂದ ಒಂದರಿಂದ ಐದು ಸ್ಟಾರ್ ಕೊಡುತ್ತದಂತೆ, ತಪಾಸಣೆ, ಸಿಬ್ಬಂದಿ, ಆರೈಕೆಯ ಗುಣಮಟ್ಟ ಮೂರನ್ನೂ ತೂಗಿ. ಇಲ್ಲಿ ನಮಗೆ ಸಿಕ್ಕಿದ್ದು ಗೂಗಲ್ ಸ್ಟಾರು. ಓದಿ ನೋಡಿದರೆ ಅರ್ಧ ಜನ ತೋಟ ಚೆನ್ನಾಗಿದೆ ಎಂದು ಬರೆದವರು, ಇನ್ನರ್ಧ ಹುಟ್ಟುಹಬ್ಬಕ್ಕೆ ಊಟ ಹಾಕಿಸಲು ಹೋದವರು. ಅಲ್ಲಿ ಮಲಗಿದವರಾರೂ ಬರೆದಿರಲಿಲ್ಲ.

ನೋಡಿದ್ದು ನಾಲ್ಕು ಹೋಮು. ಒಂದರಲ್ಲಿ ಬಾಗಿಲು ತೆರೆದೊಡನೆ ಫಿನೈಲ್ ಘಮ. ಮೂಗಿಗೆ ಬಡಿಯುವಷ್ಟು ಫಿನೈಲ್ ಇದ್ದರೆ ಅದರ ಕೆಳಗೆ ಏನೋ ಇದೆ ಎಂದೇ ಅರ್ಥ, ವಾಪಸ್ ಬಂದೆ. ಇನ್ನೊಂದರಲ್ಲಿ ಎಲ್ಲರಿಗೂ ಒಂದೇ ಬಣ್ಣದ ನೈಟಿ. ಮೂರನೆಯದು ಕಾಣಕೋಣದ ಕಡೆ, ಬಲು ಚೆಂದ, ಆದರೆ ದೊಡ್ಡಾಸ್ಪತ್ರೆ ಬಹಳ ದೂರ. ಉಳಿದದ್ದು ಇದು. ತಿಂಗಳಿಗೆ 26,000, ಠೇವಣಿ ಒಂದು ಲಕ್ಷ. ಡಯಾಪರ್, ಔಷಧ, ಫಿಸಿಯೋಥೆರಪಿ ಬೇರೆ. ಮೊದಲ ತಿಂಗಳು ಕೈಗೆ ಬಂದ ಬಿಲ್ಲು 34,500. ಹೇಳುವ ದರವನ್ನು ಯಾರೂ ನಂಬಬೇಡಿ, ಈಗ ಅಲ್ಲಿರುವ ಒಬ್ಬರ ಹೋದ ತಿಂಗಳ ಬಿಲ್ ತೋರಿಸಿ ಎಂದು ಕೇಳಿ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಭೇಟಿಗೆ ಇಂಥದೇ ಹೊತ್ತು ಅಂತಿಲ್ಲ, ಯಾವಾಗ ಹೋದರೂ ಗೇಟು ತೆರೆಯುತ್ತಾರೆ. ಇದಕ್ಕೇ ಅರ್ಧ ಅಂಕ. ಮಳೆಗಾಲದಲ್ಲಿ ಕರೆಂಟ್ ಹೋದರೆ ಜನರೇಟರ್ ಇದೆ. ಅಡುಗೆಯವಳು ಪುಣ್ಯಾತ್ಮಳು. ಅವ್ವ ಮೀನು ಮುಟ್ಟುವವಳಲ್ಲ, ಹಲ್ಲಿಲ್ಲದ ಬಾಯಿ, ಇಲ್ಲಿಯ ಕುಚ್ಚಲಕ್ಕಿ ಅನ್ನ ಅವಳಿಗೆ ಗಂಟಲಲ್ಲಿ ಇಳಿಯದು. ಜೋಳದ ನುಚ್ಚು ಒಯ್ದು ಕೊಟ್ಟು, ಒಂದು ದಿನ ಅಡುಗೆಮನೆಯಲ್ಲಿ ನಿಂತು ಮಾಡಿ ತೋರಿಸಿದೆ. ಅಂದಿನಿಂದ ದಿನಾ ಮಧ್ಯಾಹ್ನ ನುಚ್ಚು ಮಜ್ಜಿಗೆ ತಪ್ಪಿಲ್ಲ. ಎರಡು ತಿಂಗಳಲ್ಲಿ ಪಕ್ಕದ ಹಾಸಿಗೆಯ ಕೊಂಕಣಿ ಅಜ್ಜಿಯೂ ಅದನ್ನೇ ಕೇಳತೊಡಗಿದರು.

ಇನ್ನು ಭಾಷೆ. ಆರೈಕೆಗೆ ಇರುವವರು ಝಾರ್ಖಂಡ್, ಒಡಿಶಾ ಕಡೆಯ ಹುಡುಗಿಯರು, ಹಿಂದಿ ಮಾತಾಡುತ್ತಾರೆ. ಮೇಲ್ವಿಚಾರಕಿ ಕೊಂಕಣಿ. ಅವ್ವನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಪ್ರೀತಿಯಿಂದ ನೋಡಿಕೊಂಡರೆ ಭಾಷೆ ಯಾಕೆ ಬೇಕು ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಹೋದಾಗ ಅವ್ವ ಹಾಸಿಗೆಯಲ್ಲಿ ಅಳುತ್ತಿದ್ದಳು. ನೆಲ ಒರೆಸುತ್ತಿದ್ದ ಬಾದಾಮಿ ಕಡೆಯ ಹೆಣ್ಣುಮಗಳು ಕೆಲಸ ಬಿಟ್ಟು ಎದ್ದು ಬಂದಳು. "ಅಕ್ಕಾರ, ಅಮ್ಮಾರು ಹೊರಗ ಕುಂತು ಒಂದಕ್ಕ, ಒಂದಕ್ಕ ಅಂತ ಎಷ್ಟೊತ್ತಿಂದ ಒದರಾಕತ್ತಿದ್ರು ರೀ. ಈ ಹುಡುಗಿಗೆ ಅದು ಅಂದರ್ ಅಂತ ಕೇಳ್ಸೇತಿ. ಒಳಗ ತಂದು ಮಲಗಿಸಿಬಿಟ್ಟಾಳ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೋಮಿಗೆ ಬಂದಾಗ ಅವ್ವ ಕೈ ಹಿಡಿದರೆ ಬಚ್ಚಲಿಗೆ ನಡೆಯುತ್ತಿದ್ದಳು. ಹಗಲಲ್ಲಿ ಡಯಾಪರ್ ಬೇಕಿರಲಿಲ್ಲ. ಮೂರು ತಿಂಗಳಲ್ಲಿ ದಿನಕ್ಕೆ ನಾಲ್ಕು ಡಯಾಪರ್ ಬಿಲ್ಲಿಗೆ ಏರಿದ್ದು ಕಾಯಿಲೆಯಿಂದಲ್ಲ, ಕೇಳಿಸಿಕೊಳ್ಳುವವರಿಲ್ಲದೆ. ಕೇಳಿ ಕೇಳಿ ಸಿಗದಿದ್ದರೆ ವಯಸ್ಸಾದವರು ಕೇಳುವುದನ್ನೇ ಬಿಡುತ್ತಾರೆ. ಕೂತಲ್ಲೇ ಆಗುತ್ತದೆ. ನಡೆಯದೆ ಕಾಲು ಸೊರಗುತ್ತವೆ. ಕಾಲು ಸೊರಗಿದರೆ ಹಾಸಿಗೆ. ಹೋಮ್ ನೋಡಲು ಹೋದವರು ಹಗಲು ಹೊತ್ತು ಎಷ್ಟು ಜನಕ್ಕೆ ಡಯಾಪರ್ ಹಾಕಿದ್ದಾರೆ, ಬಂದ ದಿನ ಅವರಲ್ಲಿ ಎಷ್ಟು ಜನಕ್ಕಿತ್ತು ಎಂದು ಕೇಳಬೇಕು. ಈ ಪ್ರಶ್ನೆ ನನಗೆ ಆಗ ಹೊಳೆದಿರಲಿಲ್ಲ.

ಒಂದು ರಟ್ಟಿನ ಮೇಲೆ ಹನ್ನೆರಡು ಮಾತು ಬರೆದು ಮಂಚದ ತಲೆಗೆ ಕಟ್ಟಿದೆ. ಒಂದಕ್ಕ, ಎರಡಕ್ಕ, ನೀರಡಿಕಿ, ಥಂಡಿ, ನೋಯ್ತದ, ಸಾಕು. ದೇವನಾಗರಿಯಲ್ಲಿ ಉಚ್ಚಾರ, ಎದುರಿಗೆ ಹಿಂದಿ ಅರ್ಥ. ಬಾದಾಮಿಯ ಹೆಣ್ಣುಮಗಳಿಗೆ ನೆಲ ಒರೆಸುವ ಕೆಲಸ ತಪ್ಪಿಸಿ ಹಗಲಿನ ಆರೈಕೆಗೆ ಹಾಕಿ ಎಂದು ಹೋಮಿನ ಮಾಲೀಕರಿಗೆ ದುಂಬಾಲು ಬಿದ್ದೆ. ಟ್ರೇನಿಂಗ್ ಆಗಿಲ್ಲ ಎಂದರು. ಆಗಿದ್ದವರು ಏನು ಮಾಡಿದರೆಂದು ಹೇಳಿದೆ. ಒಪ್ಪಿಕೊಂಡರು.

ಇದಕ್ಕಿಂತ ಕೆಟ್ಟದ್ದು ನಡೆದದ್ದು ನವೆಂಬರಿನಲ್ಲಿ. ಅದಕ್ಕೂ ಮುಂಚೆ ಅಕ್ಟೋಬರಿನಲ್ಲಿ ಅವ್ವನಿಗೆ ಮೂತ್ರದ ಸೋಂಕಾಗಿ, ಜ್ವರಕ್ಕಿಂತ ಮೊದಲು ಬಡಬಡಿಕೆ ಶುರುವಾಗಿ, ಮಡಗಾಂವದ ಜಿಲ್ಲಾ ಆಸ್ಪತ್ರೆಯಿಂದ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿಗೆ ಕಳಿಸಿದ್ದರು. ದಾರಿಯಲ್ಲಿ ಜುವಾರಿ ನದಿಯ ಹೊಸ ಸೇತುವೆ ಆಗಿನ್ನೂ ತೆರೆದಿರಲಿಲ್ಲ. ಹಳೆಯ ಸೇತುವೆಯ ಟ್ರಾಫಿಕ್ಕಿನಲ್ಲಿ 108 ಆಂಬುಲೆನ್ಸಿನ ಸೈರನ್ ಕೂಗುತ್ತ ನಿಂತದ್ದನ್ನು ಮರೆತಿಲ್ಲ. ಹೊಸದರ ಮೊದಲ ಭಾಗ ಆ ಡಿಸೆಂಬರಿನಲ್ಲೇ ತೆರೆಯಿತು, ಈಗ ದಾರಿ ಸಲೀಸು.

ಆಸ್ಪತ್ರೆಯಿಂದ ಮರಳಿದ ಮೇಲೆ ಅವ್ವ ಪೂರ್ತಿ ಹಾಸಿಗೆ ಹಿಡಿದಳು. ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಗೋಡೆಗೆ ಅದರ ಚಾರ್ಟ್ ತೂಗುಹಾಕಿದ್ದರು, ಹತ್ತು, ಹನ್ನೆರಡು, ಎರಡು, ನಾಲ್ಕು, ಆರು, ಪ್ರತಿಯೊಂದಕ್ಕೂ ಸಹಿ. ನೋಡಿ ಸಮಾಧಾನವಾಗಿತ್ತು. ಒಂದು ದಿನ ನನ್ನ ಗಂಡನನ್ನು ಬೆಳಗಿನ ಟ್ರೇನಿಗೆ ಮಡಗಾಂವ ಸ್ಟೇಶನ್ನಿನಲ್ಲಿ ಬಿಟ್ಟು, ಹೇಗೂ ಎದ್ದಿದ್ದೇನಲ್ಲ ಎಂದು ಹೋಮಿಗೆ ಹೋದೆ. ಗಡಿಯಾರ ಐದೂಕಾಲು. ಚಾರ್ಟಿನಲ್ಲಿ ಆರು ಗಂಟೆಯ ಸಹಿ ಆಗಿಹೋಗಿತ್ತು.

ಹೊದಿಕೆ ಸರಿಸಿ ನೋಡಿದೆ. ಬೆನ್ನಿನ ಕೆಳಗೆ, ಟೊಂಕದ ಎಲುಬಿನ ಮೇಲೆ ರೂಪಾಯಿಯಗಲ ಕೆಂಪು. ಬೆರಳಿನಿಂದ ಒತ್ತಿದರೂ ಬಿಳಿಚಲಿಲ್ಲ. ಒತ್ತಿದಾಗ ಬಿಳಿಚಿ ಮತ್ತೆ ಕೆಂಪಾದರೆ ಚರ್ಮ ಇನ್ನೂ ತಡೆದುಕೊಂಡಿದೆ ಎಂದು. ಬಿಳಿಚದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ, ನಾಲ್ಕನೆಯದಕ್ಕೆ ಎಲುಬೂ ಕಾಣಬಹುದು. ಬಲ ಹಿಮ್ಮಡಿಯಲ್ಲಿ ಆಗಲೇ ಗುಳ್ಳೆಯೆದ್ದು ಒಡೆದಿತ್ತು, ಎರಡನೇ ಹಂತ. ಮೇಲ್ವಿಚಾರಕಿ "ವಯಸ್ಸಾಯಿತಲ್ಲ ಬಾಯಿ" ಎಂದರು. ವಯಸ್ಸು ಆರು ಗಂಟೆಯ ಸಹಿಯನ್ನು ಐದೂಕಾಲಿಗೆ ಹಾಕುವುದಿಲ್ಲ ಎಂದೆ.

ರಾತ್ರಿ ಪಾಳಿಯ ಹುಡುಗಿ ಅಳತೊಡಗಿದಳು. ಇಪ್ಪತ್ತರ ಮೇಲೆ ಒಂದೆರಡು ವಯಸ್ಸಿರಬೇಕು. ವಿಚಾರಿಸಿದಾಗ ಗೊತ್ತಾಯಿತು, 22 ಜನಕ್ಕೆ ರಾತ್ರಿ ಅವಳೊಬ್ಬಳೇ. ನಮಗೆ ಸೇರಿಸುವಾಗ ಹೇಳಿದ್ದು ಇಬ್ಬರು ಎಂದು, ಎರಡನೆಯವಳು ಊರಿಗೆ ಹೋಗಿ ತಿಂಗಳಾಗಿತ್ತು. ಹಾಸಿಗೆ ಹಿಡಿದವರು ಒಂಬತ್ತು ಮಂದಿ. ಒಂಬತ್ತು ಜನರನ್ನು ಎರಡು ತಾಸಿಗೊಮ್ಮೆ ಒಬ್ಬಳೇ ಹೊರಳಿಸಿ, ಒರೆಸಿ, ಬದಲಿಸುವುದು ಆಗುವ ಮಾತಲ್ಲ. ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಕೈಗೆ ಆ ಚಾರ್ಟ್ ಕೊಟ್ಟವರ ಮೇಲೆ ಬಂತು.

ಅವ್ವನನ್ನು ಬೇರೆ ಕಡೆ ಒಯ್ಯಬಹುದಿತ್ತು. ಯೋಚಿಸಿದೆ. ಮರೆವಿನವರಿಗೆ ಗೋಡೆ ಬದಲಾದರೆ ಇನ್ನಷ್ಟು ಕಲಮಲ, ಜೊತೆಗೆ ಠೇವಣಿ ವಾಪಸ್ ಬೇಕಾದರೆ ಮೂರು ತಿಂಗಳ ನೋಟಿಸ್ ಎಂದು ಕರಾರಿನ ಸಣ್ಣ ಅಕ್ಷರದಲ್ಲಿತ್ತು. ಹಾಗೆ ನೋಡಿದರೆ ಬೇರೆ ಹೋಮಿನಲ್ಲೂ ಬೆಳಗಿನ ಐದೂಕಾಲಿಗೆ ನಾನು ಹೋಗಿ ನೋಡಿರಲಿಲ್ಲ. ಉಳಿಸಿದೆ. ಏರ್ ಬೆಡ್ ನಾವೇ ಕೊಂಡು ಕೊಟ್ಟೆವು. ರಾತ್ರಿಗೆ ಎರಡನೆಯವಳು ಬರುವವರೆಗೆ ಬಿಲ್ಲಿನಲ್ಲಿ ಮೂರು ಸಾವಿರ ಕಡಿತ ಎಂದು ಬರೆಸಿಕೊಂಡೆ. ತಿಂಗಳಿಂದ ಸಿಗದಿದ್ದ ಎರಡನೆಯವಳು ಎಂಟು ದಿನದಲ್ಲಿ ಸಿಕ್ಕಳು. ಹಿಮ್ಮಡಿಯ ಹುಣ್ಣು ಮಾಯಲು ಏಳು ವಾರ ಹಿಡಿಯಿತು. ಮತ್ತೆ ಬಂದಿಲ್ಲ.

ಆಮೇಲಿನ ಎರಡು ವರ್ಷ ಹೇಳುವಂಥದ್ದು ಹೆಚ್ಚೇನಿಲ್ಲ, ಅದೇ ಹೊಗಳಿಕೆ ಎಂದುಕೊಳ್ಳಿ. ಮಳೆಗಾಲದಲ್ಲಿ ಬಟ್ಟೆ ಒಣಗದೆ ತೊಡೆಸಂದಿಗೆ ಹುಳುಕಡ್ಡಿ ಆಗುತ್ತದೆ. ಜೂನಿಗೆ ಮುಂಚೆಯೇ ಹತ್ತಿಯ ಸೀರೆಯ ತುಂಡುಗಳನ್ನು ಗಂಟು ಕಟ್ಟಿ ಒಯ್ದಿಡುತ್ತೇನೆ. ಅಪ್ಪನದು ರೈಲ್ವೆ, ಅವ್ವನಿಗೆ ಫ್ಯಾಮಿಲಿ ಪೆನ್ಶನ್. ಬದುಕಿದ್ದಾಳೆಂಬ ಪ್ರಮಾಣಪತ್ರ ವರ್ಷಕ್ಕೊಮ್ಮೆ ಬೇಕು. ಎಂಬತ್ತು ದಾಟಿದವರಿಗೆ ನವೆಂಬರಿನವರೆಗೆ ಕಾಯುವ ಕೆಲಸವಿಲ್ಲ, ಅಕ್ಟೋಬರ್ 1ರಿಂದಲೇ ಕೊಡಬಹುದು. ಹೆಬ್ಬೆಟ್ಟು ಸವೆದು ಗುರುತು ಹತ್ತಲಿಲ್ಲ, ಮೊಬೈಲಿನಲ್ಲಿ ಮುಖ ತೋರಿಸಿದರೆ ಆಗುತ್ತದೆ. "ಕಣ್ಣು ಮಿಟುಕಿಸು ಅವ್ವ" ಎಂದರೆ "ಯಾಕ, ನಾ ಏನ್ ಸತ್ತೀನೇನ?" ಎಂದಳು. ಈ ವರ್ಷ ಅವಳು ಆಡಿದ ಪೂರ್ತಿ ವಾಕ್ಯಗಳಲ್ಲಿ ಅದೊಂದು.

ಐದಕ್ಕೆ ಮೂರು ಕೊಡುತ್ತೇನೆ. ಅಡುಗೆಗೆ, ತೆರೆದ ಗೇಟಿಗೆ, ಬಾದಾಮಿಯ ಹೆಣ್ಣುಮಗಳಿಗೆ. ಅವಳಿಗೆ ಸಂಬಳ ಏರಿಸಿದ್ದರೆ ಮೂರೂವರೆ ಆಗುತ್ತಿತ್ತು.

ಈ ತಿಂಗಳಿಂದ ದರ 32,000 ಎಂದು ಪತ್ರ ಬಂದಿದೆ. ಕಾರಣ "ಸೇವೆಯ ಗುಣಮಟ್ಟ ಹೆಚ್ಚಿಸಲು". ರಾತ್ರಿ ಪಾಳಿಯಲ್ಲಿ ಎಷ್ಟು ಜನ ಇರುತ್ತಾರೆಂದು ಅದೇ ಪತ್ರದಲ್ಲಿ ಬರೆದುಕೊಡಿ ಎಂದು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.