ಕಾಣದ ಅಕ್ಷರ ತೋರಿಸುವ 'ಕ್ಯಾಟ್': ಆರು ವರ್ಷ ಬಳಸಿದ ಮೇಲೆ

ಉಂಬಳ ಹತ್ತುವಾಗ ಯಾರಿಗೂ ಗೊತ್ತಾಗುವುದಿಲ್ಲ. ತೋಟದಿಂದ ಬಂದು ಜಗುಲಿಯಲ್ಲಿ ಕೂತ ಮೇಲೆ, ಕಾಲಲ್ಲಿ ರಕ್ತ ಇಳಿದಾಗಲೇ ಗೊತ್ತಾಗುವುದು. ಆರು ವರ್ಷದ ಹಿಂದೆ ನನ್ನ ಲೆಕ್ಕದ ಫೈಲಿಗೂ ಹಾಗೇ ಏನೋ ಹತ್ತಿಕೊಂಡಿತ್ತು.

ತೀರ್ಥಹಳ್ಳಿ ಹತ್ತಿರ ನಮ್ಮೂರು. ಹದಿನೈದಿಪ್ಪತ್ತು ಮನೆಯವರು ಸೇರಿ ಶಿವಮೊಗ್ಗದ ಮಂಡಿಗೆ ಅಡಿಕೆ ಕಳಿಸುತ್ತೇವೆ. ಲೆಕ್ಕ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ಮಂಡಿ ಚೀಟಿಗಳನ್ನು ಪಕ್ಕದ ಮನೆ ಹುಡುಗ ತನ್ನ ವಿಂಡೋಸ್ ಕಂಪ್ಯೂಟರಿನಲ್ಲಿ ಹೊಡೆದು ಪೆನ್ ಡ್ರೈವಿನಲ್ಲಿ ತಂದುಕೊಡುತ್ತಾನೆ. ನನ್ನದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ವಿಂಡೋಸ್ ಬದಲು ಉಬುಂಟು ಅನ್ನೋ ಲಿನಕ್ಸ್ ಹಾಕಿದ್ದೇನೆ. ರಾಶಿ ಎಷ್ಟು, ಬೆಟ್ಟೆ ಎಷ್ಟು, ಸರಕು, ಗೊರಬಲು ಎಷ್ಟು ಅಂತ ಅಡಿಕೆಯ ಬಗೆವಾರು ಕೂಡಿಸಲು ಒಂದು ಸಣ್ಣ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಇದೆ. ಒಂದು ಸಂಜೆ ಅದರಲ್ಲಿ 'ರಾಶಿ' ಎರಡು ಸಲ ಬಂತು. ಎರಡಕ್ಕೂ ಬೇರೆ ಬೇರೆ ಮೊತ್ತ. ಕಣ್ಣಿಗೆ ಎರಡೂ ಒಂದೇ. ಅಳಿಸಿದೆ, ಮತ್ತೆ ಹೊಡೆದೆ, ಬೈದೆ. ಆಮೇಲೆ ಆಜ್ಞೆ ಹೊಡೆಯುವ ಕಪ್ಪು ಪರದೆ ತೆಗೆದು, ಫೈಲಿನಲ್ಲಿರುವುದನ್ನು ತೋರಿಸುವ 'ಕ್ಯಾಟ್' (cat) ಆಜ್ಞೆ ಬರೆದು, ಒಂದು ಅಡ್ಡಗೆರೆ ಹಾಕಿ, ದೊಡ್ಡ ಎ ಒತ್ತಿ, ಫೈಲಿನ ಹೆಸರು ಕೊಟ್ಟೆ.

ನಾನು ಹೊಡೆದ ಸಾಲುಗಳ ಕೊನೆಯಲ್ಲಿ ಬರೀ $ ಇತ್ತು. ಹುಡುಗನ ಸಾಲುಗಳ ಕೊನೆಯಲ್ಲಿ ^ಎಂ$.

ಟೈಪಿಂಗ್ ಕ್ಲಾಸಿಗೆ ಹೋದವರಿಗೆ ಇದು ಬೇಗ ಅರ್ಥವಾಗುತ್ತೆ. ಸಾಲು ಮುಗಿದಾಗ ಎಡಗೈಯಲ್ಲಿ ಸನ್ನೆ ಎಳೆಯುತ್ತಿದ್ದೆವಲ್ಲ, ಅದರಲ್ಲಿ ಎರಡು ಕೆಲಸ ಇತ್ತು. ಕಾಗದ ಒಂದು ಸಾಲು ಮೇಲೆ ಸರಿಯುವುದು ಒಂದು, ಬಂಡಿ ಮತ್ತೆ ಮೊದಲಿಗೆ ಬರುವುದು ಇನ್ನೊಂದು. ವಿಂಡೋಸ್ ಇವತ್ತಿಗೂ ಸಾಲಿನ ಕೊನೆಗೆ ಎರಡನ್ನೂ ಬರೆಯುತ್ತೆ. ಲಿನಕ್ಸಿಗೆ ಒಂದೇ ಸಾಕು. ಉಳಿದ ಆ 'ಬಂಡಿ ವಾಪಸ್' ಸಂಕೇತದ ನಂಬರ್ 13. ಇಂಗ್ಲಿಷಿನ ಹದಿಮೂರನೇ ಅಕ್ಷರ ಎಂ, ಅದಕ್ಕೇ ^ಎಂ. ಟ್ಯಾಬ್ ನಂಬರ್ 9, ಹಾಗಾಗಿ ಅದು ^ಐ. ನನ್ನ ಸ್ಕ್ರಿಪ್ಟಿಗೆ 'ರಾಶಿ' ಬೇರೆ, ಬಾಲ ಇರುವ 'ರಾಶಿ' ಬೇರೆ.

ಅವತ್ತಿನಿಂದ ಇದು ದಿನಚರಿ ಆಯಿತು. ಸಂಜೆ ಕಷಾಯದ ಲೋಟ ಪಕ್ಕಕ್ಕಿಟ್ಟು ಪೆನ್ ಡ್ರೈವ್ ಚುಚ್ಚುವುದು. ಮೊದಲು ಕ್ಯಾಟ್, ಆಮೇಲೆ ಮಿಕ್ಕಿದ್ದು. ಬಲಗಡೆ $ಗಳು ಒಂದರ ಕೆಳಗೊಂದು ಕಾಣುತ್ತವೆ. ಎಲ್ಲಾದರೂ ಪದಕ್ಕೂ $ಗೂ ಮಧ್ಯೆ ಖಾಲಿ ಜಾಗ ಇದ್ದರೆ ಅಲ್ಲಿ ಯಾರೋ ಸುಮ್ನೆ ಸ್ಪೇಸ್ ಒತ್ತಿದ್ದಾರೆ ಅಂತ ಅರ್ಥ. ಆಷಾಢದಲ್ಲಿ ನಮ್ಮ ಕಡೆ ಕರೆಂಟು ಮತ್ತು ನೆಟ್ ಎರಡೂ ನೆಂಟರ ಹಾಗೆ, ಬಂದರೆ ಬಂದವು. ಈ ಕ್ಯಾಟಿಗೆ ನೆಟ್ ಬೇಡ, ಕಾಸು ಬೇಡ, ಬ್ಯಾಟರಿ ಇದ್ದರೆ ಸಾಕು. ಆಗ ಕೇಳಿದ್ದರೆ ಐದಕ್ಕೆ ಐದು ಕೊಡುತ್ತಿದ್ದೆ.

ಅಷ್ಟು ದಿನ ನಾವು ಅಡಿಕೆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುತ್ತಿದ್ದೆವು. ಮೂರು ವರ್ಷದ ಹಿಂದೆ ಹಿರಿಯರೊಬ್ಬರು, "ನಮ್ಮ ಲೆಕ್ಕ ನಮಗೇ ಓದಕ್ಕೆ ಬರಲ್ವಲ್ಲ ಮಾರಾಯ" ಅಂದರು. ಸರಿ ಅಂತ ಎಲ್ಲ ಕನ್ನಡಕ್ಕೆ ತಂದೆವು. ಮಾರನೇ ದಿನ ಎಂದಿನಂತೆ ಕ್ಯಾಟ್ ಓಡಿಸಿದೆ. ಕನ್ನಡವೇ ಇಲ್ಲ! 'ರ' ಇರಬೇಕಾದಲ್ಲಿ ಎಂ-`ಎಂ-2ಎಂ-0 ಅಂತಿತ್ತು. ಎರಡಕ್ಷರದ 'ರಾಶಿ'ಗೆ ಪರದೆ ಮೇಲೆ 36 ಚಿಹ್ನೆ. ನಿಜಕ್ಕೂ ರಾಶಿಯೇ.

ಕಾರಣ ಹಳೆಯದು. ಈ ಉಪಕರಣಕ್ಕೆ 'ಅಚ್ಚಾಗುವ ಅಕ್ಷರ' ಅಂದರೆ ಇಂಗ್ಲಿಷಿಗೆಂದು ಮಾಡಿದ 128 ಸಂಕೇತಗಳ ಹಳೇ ಆಸ್ಕಿ ಪಟ್ಟಿಯಲ್ಲಿ ಇರುವುದು ಮಾತ್ರ. ಫೈಲಿನಲ್ಲಿ ಎಲ್ಲವೂ ಬೈಟು, ಅಂದರೆ 0ಯಿಂದ 255ರ ಒಳಗಿನ ಸಂಖ್ಯೆ; 128 ಮತ್ತು ಅದಕ್ಕಿಂತ ದೊಡ್ಡ ಬೈಟು ಏನೇ ಬಂದರೂ ಅದರಿಂದ 128 ಕಳೆದು, ಮುಂದೆ 'ಎಂ-' ಅಂತ ಅಂಟಿಸುತ್ತೆ. ಹಿಂದೆ ಕೆಲವು ಕೀಬೋರ್ಡುಗಳಲ್ಲಿ 'ಮೆಟಾ' ಅನ್ನೋ ಕೀ ಇತ್ತು, ಈ ಎಂ ಅದರದ್ದು. ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು, ಮೂರೂ ಆ ಮಿತಿಯ ಆಚೆಗಿನವು. ಅಂದರೆ ಇದರ ಲೆಕ್ಕದಲ್ಲಿ ಕನ್ನಡ ಪೂರ್ತಿ ಕಾಣದ ಅಕ್ಷರ. ಬೇಜಾರಾಯಿತು.

ಬೇಜಾರಿಗಿಂತ ಜಾಸ್ತಿ ತೊಂದರೆ ಕೊಟ್ಟಿದ್ದು ಬೆಟ್ಟೆ. ಕಣ್ಣಲ್ಲಿ ನೋಡಿ ಸಾಕಾಗಿ, ಬಾಲ ತೆಗೆದ ಮೇಲೂ ಕ್ಯಾಟ್ ತೋರಿಸಿದ್ದರಲ್ಲಿ ^ಎಂ ಉಳಿದಿರುವ ಸಾಲುಗಳನ್ನು ಹೆಕ್ಕಲು ಒಂದು ಸ್ಕ್ರಿಪ್ಟ್ ಬರೆದೆ. ರಾಶಿ ಸರಿ ಇದೆ, ಸರಕು ಸರಿ ಇದೆ, ಬೆಟ್ಟೆಯ ಒಂದೊಂದು ಸಾಲೂ ತಪ್ಪು ಅಂತ ಬಂತು. ಹುಡುಗನಿಗೆ ಮತ್ತೆ ಹೊಡೆಯಲು ಹೇಳಿದೆ. ಪಾಪ, ನಲವತ್ತು ಸಾಲು ಹೊಡೆದು ತಂದ. ಮತ್ತೆ ಅದೇ ಕತೆ. "ಅಣ್ಣ, ಬೆಟ್ಟೆ ಒಂದೇ ಹಾಳಾಗಿದ್ಯಾ?" ಅಂತ ಕೇಳಿದ.

ಹಾಳಾಗಿದ್ದು ಬೆಟ್ಟೆ ಅಲ್ಲ. 'ಟ್ಟೆ'ಯ ಒತ್ತಿಗೆ ಮಧ್ಯೆ ಒಂದು ಹಲಂತ, ಅಂದರೆ ಅಕ್ಷರದ ಸ್ವರ ತೆಗೆಯುವ ಚಿಹ್ನೆ, ಬರುತ್ತೆ. ಆ ಹಲಂತದ ಮೂರನೇ ಬೈಟಿನಿಂದ 128 ಕಳೆದರೆ ಸರಿಯಾಗಿ 13 ಉಳಿಯುತ್ತೆ. ಹಾಗಾಗಿ ಕ್ಯಾಟ್ ಅದನ್ನು ಎಂ-^ಎಂ ಅಂತ ತೋರಿಸುತ್ತೆ, ನನ್ನ ಸ್ಕ್ರಿಪ್ಟ್ ಅದರಲ್ಲಿರುವ ^ಎಂ ನೋಡಿ ಬೊಬ್ಬೆ ಹೊಡೆಯುತ್ತೆ. ಕನ್ನಡದಲ್ಲಿ ಒತ್ತಕ್ಷರ ಇರುವ ಕಡೆಯೆಲ್ಲ ಒಂದು ಸುಳ್ಳು ^ಎಂ! ನಿಜವಾದದ್ದು $ ಪಕ್ಕದಲ್ಲೇ ಇರುತ್ತೆ, ಅದರ ಮುಂದೆ 'ಎಂ-' ಇರುವುದಿಲ್ಲ. ಇದು ಹೊಳೆಯಲು ನನಗೆ ಎರಡು ದಿನ ಬೇಕಾಯಿತು, ಹುಡುಗನಿಗೆ ಎರಡು ದಿನ ಮಿರ್ಚಿ ಬಜ್ಜಿ ಕೊಡಿಸಬೇಕಾಯಿತು.

ಒಂದು ತಮಾಷೆ ಇದೆ. ಕ್ಯಾಟ್ ಇರುವುದು ಫೈಲುಗಳನ್ನು ಜೋಡಿಸಲು, ಕಾಣದ ಅಕ್ಷರ ತೋರಿಸುವ ಕೆಲಸ ಅದಕ್ಕೆ ಯಾಕೆ, ಅದಕ್ಕೆ ಬೇರೆಯದೇ ಉಪಕರಣ ಇರಲಿ ಅಂತ ಕಂಪ್ಯೂಟರ್ ತಜ್ಞ ರಾಬ್ ಪೈಕ್ 1983ರಲ್ಲೇ ತಕರಾರು ತೆಗೆದಿದ್ದರು. 1992ರಲ್ಲಿ ಕೆನ್ ಥಾಂಪ್ಸನ್ ಜೊತೆ ಕೂತು ಯುಟಿಎಫ್-8 ಮಾಡಿದವರೂ ಅವರೇ. ನನ್ನ ಬೆಟ್ಟೆ ಕೆಟ್ಟಿದ್ದು ಅವರು ಬೇಡ ಅಂದದ್ದಕ್ಕೂ ಅವರು ಮಾಡಿದ್ದಕ್ಕೂ ಜಗಳ ಬಿದ್ದು.

ದೊಡ್ಡ ಎ ಬದಲು ದೊಡ್ಡ ಇ ಕೊಟ್ಟರೆ ಕನ್ನಡ ಕನ್ನಡವಾಗೇ ಇರುತ್ತೆ, ಸಾಲಿನ ಕೊನೆಗೆ $ ಮಾತ್ರ ಬರುತ್ತೆ. ಇದು ಮೊದಲೇ ಗೊತ್ತಿತ್ತು. ಆದರೆ ಹಳೇ ಉಬುಂಟುವಿನಲ್ಲಿ ^ಎಂ ಬರೆಯುವ ಬದಲು ಬಂಡಿ ನಿಜವಾಗಿಯೇ ವಾಪಸ್ ಹೋಗಿಬಿಡುತ್ತಿತ್ತು. ಆ $ ಸಾಲಿನ ಮೊದಲ ಅಕ್ಷರದ ಮೇಲೆ ಹೋಗಿ ಕೂರುತ್ತಿತ್ತು. ಹೋದ ವರ್ಷ ಉಬುಂಟು 24.04 ಹಾಕಿದೆ. ಒಂದು ಸಲ ನೋಡೋಣ ಅಂತ ದೊಡ್ಡ ಇ ಒತ್ತಿದೆ ನೋಡಿ, 'ಬೆಟ್ಟೆ^ಎಂ$' ಅಂತ ಬಂತು! ಕನ್ನಡವೂ ಇದೆ, ಬಾಲವೂ ಇದೆ. ಯಾರೋ ಪುಣ್ಯಾತ್ಮರು ಸರಿ ಮಾಡಿದ್ದಾರೆ. ಆ ರಾತ್ರಿ ಹಳೇ ಫೈಲುಗಳನ್ನೆಲ್ಲ ಸುಮ್ನೆ ಒಂದೊಂದಾಗಿ ತೆಗೆದು ನೋಡಿದೆ.

ದೊಡ್ಡ ಎ ಇನ್ನೂ ಬಿಟ್ಟಿಲ್ಲ. ನಮ್ಮಲ್ಲೊಬ್ಬರು ಗಣೇಶ್ ಅಂತಿದ್ದಾರೆ. ಅವರ ಹೆಸರೂ ಎರಡು ಸಲ ಬರಲು ಶುರುವಾಯಿತು. ದೊಡ್ಡ ಇ ಹಾಕಿದರೆ ಏನೂ ಕಾಣಲಿಲ್ಲ. ದೊಡ್ಡ ಎ ಹಾಕಿದರೆ ಎಂಗಳ ಕಾಡು. ಆದರೆ ಇಷ್ಟು ವರ್ಷ ನೋಡಿ ನೋಡಿ ಕಣ್ಣು ಪಳಗಿದೆ. ಕನ್ನಡದ ಸಂಕೇತ ಯಾವುದೇ ಇರಲಿ, ` ಆದ ಮೇಲೆ 2 ಬರುತ್ತೆ, ಇಲ್ಲ 3 ಬರುತ್ತೆ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುವ ಹಾಗೆ ಬೆರಳಿಟ್ಟುಕೊಂಡು ಹೋದೆ. 'ಶ್' ಮುಗಿದ ಮೇಲೆ ಎಂ-ಬಿ ಅಂತ ಒಂದು ಕಲ್ಲು ಸಿಕ್ಕಿತು. ಅದು ಸೊನ್ನೆ ಅಗಲದ ಅಕ್ಷರ. ಅಕ್ಷರಗಳು ಒತ್ತಾಗಿ ಸೇರಿಕೊಳ್ಳದಂತೆ ತಡೆಯಲು ಇರುವಂಥದ್ದು. 'ರಾಜ್‌ಕುಮಾರ್' ಅಂತ ಬಿಡಿಸಿ ಬರೆಯುವಾಗ ಬೇಕೇ ಬೇಕು. ಆದರೆ ಕೆಲವು ಕೀಬೋರ್ಡುಗಳು ಪದದ ಕೊನೆಗೂ ಅದನ್ನು ಸೇರಿಸಿಬಿಡುತ್ತವೆ, ಅಲ್ಲಿ ಅದರ ಅಗತ್ಯವೇ ಇಲ್ಲ. ಎಂ ಕಾಡು ಬೇಡ ಅನ್ನುವವರು ಫೈಲನ್ನು ಬರಹ ತಿದ್ದುವ ತಂತ್ರಾಂಶ ವಿಮ್‌ನಲ್ಲಿ ತೆಗೆಯಿರಿ. ಕನ್ನಡವನ್ನು ಹಾಗೇ ಬಿಟ್ಟು, ಇದೊಂದನ್ನು ಮಾತ್ರ ಅದರ ಸಂಕೇತದ ನಂಬರಿನಿಂದ 200ಸಿ ಅಂತ ಎತ್ತಿ ತೋರಿಸುತ್ತೆ. ನನಗೆ ವಿಮ್‌ನಿಂದ ಹೊರಗೆ ಬರುವ ದಾರಿ ಪ್ರತಿ ಸಲ ಮರೆತು ಹೋಗುತ್ತೆ, ಹಾಗಾಗಿ ಕ್ಯಾಟೇ ಆಯಿತು.

ಇಂಗ್ಲಿಷ್ ಫೈಲಿನವರಿಗೆ ಐದಕ್ಕೆ ಐದು. ನನ್ನಂಥವರಿಗೆ ಮೂರೂವರೆ, ಅದರಲ್ಲಿ ಅರ್ಧ ಹೊಸ ದೊಡ್ಡ ಇಗೆ.

ಗಣೇಶ್ ಅವರ ಎರಡು ಮೂಟೆ ಈ ವಾರ ಒಂದೇ ಸಾಲಿಗೆ ಬಂತು. ಇಷ್ಟು ದಿನ ಯಾಕೆ ಬೇರೆ ಬೇರೆ ಬರುತ್ತಿತ್ತು ಅಂತ ಲ್ಯಾಪ್‌ಟಾಪ್ ತಿರುಗಿಸಿ ಅವರಿಗೆ ತೋರಿಸಲು ಹೋದೆ. ಎಂಗಳ ಸಾಲನ್ನು ಸ್ವಲ್ಪ ಹೊತ್ತು ನೋಡಿದರು. "ಇದು ನನ್ನ ಹೆಸರಾ? ದುಡ್ಡು ಬಂತಲ್ಲ, ಬಿಡು ಮಾರಾಯ" ಅಂದು ಕವಳ ಹಾಕಿಕೊಂಡು ಎದ್ದು ಹೋದರು.