ಬಿ.ಎಸ್ಸಿ. ಪ್ರವೇಶಕ್ಕೆ ಹೋಗುವ ಪಾಲಕರೇ, ಒಟಿಪಿ ಹೇಳುವ ಮುನ್ನ ಪರದೆ ನೋಡಿ

ನಾನು ಬಸವನ ಬಾಗೇವಾಡಿಯ ನೋಂದಣಿ ಕಚೇರಿಯ ಎದುರು ಇಪ್ಪತ್ತೆರಡು ವರ್ಷಗಳಿಂದ ಖರೀದಿಪತ್ರ, ವಾಟ್ನಿಪತ್ರ, ಬಕ್ಷೀಸಪತ್ರಗಳನ್ನು ಬರೆದುಕೊಡುತ್ತ ಬದುಕುತ್ತಿರುವವನು. ಹೆಬ್ಬೆಟ್ಟಿನವರಿಗೂ ಪತ್ರವನ್ನು ಪೂರ್ತಿ ಓದಿ ಹೇಳದೆ ಗುರುತು ಹಾಕಿಸಿದವನಲ್ಲ. ಅಂಥ ನಾನು ನನ್ನ ಸ್ವಂತ ಮಗಳ ಕಾಲೇಜು ಪ್ರವೇಶದ ದಿನ ಒಂದು ಮುಚ್ಚಳಿಕೆ ಪತ್ರಕ್ಕೆ ಓದದೆ ಸಹಿ ಹಾಕಿ ಬಂದಿದ್ದೇನೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಬರುವ ಜೂನ್‌ನಲ್ಲಿ ಇದೇ ಮೇಜಿನ ಎದುರು ಇನ್ನೊಬ್ಬ ತಂದೆ ಕುಳಿತಿರುತ್ತಾನೆ.

ಮಗಳು ದ್ವಿತೀಯ ಪಿಯುಸಿಯಲ್ಲಿ ಪಿಸಿಎಂಬಿ ಓದಿದವಳು. ಗಣಿತದಲ್ಲಿ 96, ಜೀವಶಾಸ್ತ್ರದಲ್ಲಿ 71. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ (ಪಿಸಿಎಂ) ಓದಿ, ಎಂ.ಎಸ್ಸಿ. ಗಣಿತ ಮಾಡಿ, ಬಿ.ಇಡಿ. ಮುಗಿಸಿ ಶಿಕ್ಷಕಿಯಾಗಬೇಕೆಂಬುದು ಅವಳು ಒಂಬತ್ತನೇ ತರಗತಿಯಿಂದ ಹೇಳುತ್ತ ಬಂದ ಮಾತು. 2025ರ ಜೂನ್‌ನಲ್ಲಿ ಅವಳನ್ನು ಕರೆದುಕೊಂಡು ವಿಜಯಪುರದ ಒಂದು ಖಾಸಗಿ ಕಾಲೇಜಿಗೆ ಹೋದೆ. ಕಾಲೇಜಿನ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಮಗಳು ನಾಳೆ ಅಲ್ಲಿಯೇ ಪ್ರಾಯೋಗಿಕ ಪರೀಕ್ಷೆಗೆ ನಿಲ್ಲಬೇಕು.

ಒಳಗೆ ಹೋಗುತ್ತಿದ್ದಂತೆ ಬಲಗಡೆ ‘ಪ್ರವೇಶ ಮಾರ್ಗದರ್ಶನ ಕೇಂದ್ರ’ ಎಂಬ ಬ್ಯಾನರ್, ಮೇಜಿನ ಮೇಲೆ ಹೂದಾನಿ, ನಮಗೆ ಎರಡು ಕುರ್ಚಿ, ಚಹಾ ಕೂಡ ಬಂತು. ಚಹಾ ಬಂದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು. ಸರಕಾರಿ ಕಚೇರಿಗಳಲ್ಲಿ ತಿರುಗಿದ ಮನುಷ್ಯನಿಗೆ ಅಷ್ಟಾದರೂ ತಿಳಿಯಬೇಕಿತ್ತು. ಮಾರ್ಗದರ್ಶನಕ್ಕೆಂದು ಕುಳಿತಿದ್ದ ಪ್ರಾಧ್ಯಾಪಕರು ಅಂಕಪಟ್ಟಿಯನ್ನು ಒಮ್ಮೆ ತಿರುವಿ, “ಪಿಸಿಎಂ ಎಲ್ಲಾ ತುಂಬೇತ್ರಿ ಸಾಹೇಬ್ರ. ಈಗ ಸಿಬಿಜೆಡ್‌ಗೆ ಹಾಕೋಣು. ಹದಿನೈದ ದಿನದಾಗ ಯಾರರ ಬಿಟ್ಟ ಹೋಗೇ ಹೋಗ್ತಾರ, ಆವಾಗ ಬದಲ ಮಾಡಿಕೊಡ್ತೀನಿ” ಎಂದರು. ಸಿಬಿಜೆಡ್ ಎಂದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ; ಅದರಲ್ಲಿ ಗಣಿತವಿಲ್ಲ. ಮಗಳು ತಗ್ಗಿದ ದನಿಯಲ್ಲಿ, “ಸರ್, ನನಗ ಮ್ಯಾಥ್ಸ್ ಬೇಕರೀ” ಎಂದಳು. ಅದಕ್ಕೆ ಅವರು ನಕ್ಕು, “ಎನ್‌ಇಪಿ ಬಂದ ಮ್ಯಾಲ ಯಾವ ಸಬ್ಜೆಕ್ಟಿಗೂ ಗ್ವಾಡಿ ಇಲ್ಲವಾ. ಮುಂದ ಮ್ಯಾಥ್ಸ್ ಓಪನ್ ಇಲೆಕ್ಟಿವ್ ತಗೊಂಡ್ರ ಆತು” ಎಂದರು.

ಈ ಮಾತು ಸುಳ್ಳೆಂದು ನನಗೆ ಆಗ ತಿಳಿದಿರಲಿಲ್ಲ. 2021–22ರಿಂದ ಪದವಿ ಕಾಲೇಜುಗಳಲ್ಲಿದ್ದ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ಆ ವ್ಯವಸ್ಥೆಯನ್ನು ನಮ್ಮ ರಾಜ್ಯ ಸರಕಾರವು ಪ್ರೊ. ಸುಖದೇವ ಥೋರಾಟ್ ಅವರ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಬಂದ ಮೇಲೆ ಕೈಬಿಟ್ಟು, 2024–25ರಿಂದ ಹಳೆಯಂತೆಯೇ ಮೂರು ವರ್ಷದ, ಮೂರು ಮುಖ್ಯ ವಿಷಯಗಳ ಪದವಿಗೆ ಮರಳಿದೆ. ಮೊದಲ ಸೆಮಿಸ್ಟರಿನಲ್ಲಿ ಗಣಿತ ಇಲ್ಲದವಳಿಗೆ ಮುಂದೆ ಅದು ಮುಖ್ಯ ವಿಷಯವಾಗಿ ದೊರೆಯುವುದಿಲ್ಲ. ಎನ್‌ಇಪಿ ಇದ್ದಾಗಲೂ ಒಂದು ಓಪನ್ ಇಲೆಕ್ಟಿವ್ ಪತ್ರಿಕೆಯನ್ನು, ಅಂದರೆ ಮುಖ್ಯ ವಿಷಯಗಳ ಹೊರಗೆ ಆರಿಸಿಕೊಳ್ಳುವ ಐಚ್ಛಿಕ ಪತ್ರಿಕೆಯನ್ನು, ತೋರಿಸಿ ಎಂ.ಎಸ್ಸಿ. ಗಣಿತಕ್ಕೆ ಯಾರೂ ಸೇರುವಂತಿರಲಿಲ್ಲ. ಇದೆಲ್ಲ ಆ ಪ್ರಾಧ್ಯಾಪಕರಿಗೆ ಗೊತ್ತಿರಲಿಲ್ಲವೆಂದು ನಂಬಲು ನಾನು ಸಿದ್ಧನಿಲ್ಲ.

ನಂತರ ಪಕ್ಕದ ಕಂಪ್ಯೂಟರಿನ ಹುಡುಗ ಪದವಿ ಪ್ರವೇಶದ ಸರಕಾರಿ ಜಾಲತಾಣವಾದ ಯುಯುಸಿಎಂಎಸ್ ಪೋರ್ಟಲ್ ತೆರೆದ. ಈ ಅರ್ಜಿಯನ್ನು ವಿದ್ಯಾರ್ಥಿಯೇ ತನ್ನ ಖಾತೆಯಿಂದ ತುಂಬಬೇಕಾದದ್ದು. ಕಾಲೇಜು, ವಿಷಯಗಳ ಗುಂಪು ಎರಡನ್ನೂ ಅವಳೇ ಆರಿಸಬೇಕಾದದ್ದು. ಅವನು ಪರದೆಯನ್ನು ತನ್ನ ಕಡೆಗೇ ತಿರುಗಿಸಿಟ್ಟುಕೊಂಡು, “ಒಟಿಪಿ ಹೇಳ್ರಿ” ಎಂದ. ನಾನು ಹೇಳಿದೆ. ಬ್ಯಾಂಕಿನವರೆಂದು ಯಾರಾದರೂ ಫೋನ್ ಮಾಡಿದರೆ ಒಟಿಪಿ ಕೊಡಬೇಡಿರೆಂದು ಊರಿಗೆಲ್ಲ ಹೇಳುವ ನಾನೇ ಆರು ಅಂಕಿಗಳನ್ನು ಒಂದೊಂದಾಗಿ, ಸ್ಪಷ್ಟವಾಗಿ ಓದಿ ಹೇಳಿದೆ. ಆಮೇಲೆ ಕಾಗದಗಳ ಒಂದು ಕಟ್ಟು ಬಂತು: ರ‍್ಯಾಗಿಂಗ್ ವಿರೋಧಿ ಪ್ರಮಾಣಪತ್ರ, ವಿದ್ಯಾರ್ಥಿವೇತನದ ನಮೂನೆ, ಗ್ರಂಥಾಲಯದ ಕಾರ್ಡು, ಇನ್ನೇನೋ. ಹುಡುಗ ಪ್ರತಿ ಹಾಳೆಯ ಕೆಳತುದಿಯನ್ನಷ್ಟೇ ಎತ್ತಿ ಹಿಡಿದು, ಪೆನ್ಸಿಲಿನಿಂದ ಗುಣಾಕಾರದ ಗುರುತು ಹಾಕಿದಲ್ಲಿ ಬೆರಳಿಟ್ಟು ತೋರಿಸುತ್ತ ಹೋದ. ನಾನು ಸಹಿ ಹಾಕುತ್ತ ಹೋದೆ. ಹೊರಗೆ ಸರತಿ ಬೆಳೆದಿತ್ತು, ಹಿಂದಿನವರು ಗೊಣಗುತ್ತಿದ್ದರು. ಓದಲಿಲ್ಲ. ಒಂದನ್ನೂ ಓದಲಿಲ್ಲ.

ತರಗತಿಗಳು ಆರಂಭವಾದವು. ಮಗಳು ಪ್ರಾಣಿಶಾಸ್ತ್ರದ ರೆಕಾರ್ಡ್ ಪುಸ್ತಕ, ಏಪ್ರನ್, ಕತ್ತರಿ–ಚಿಮಟಗಳ ಡಬ್ಬಿ ಎಂದು ಪಟ್ಟಿ ತಂದಾಗ, “ಬದಲ ಆಗೂತನಕ ಕೊಳ್ಳೂದು ಬ್ಯಾಡ” ಎಂದೆ. ಹದಿನೈದು ದಿನ ಕಳೆದವು. ಫೋನ್ ಮಾಡಿದರೆ, “ಮೀಟಿಂಗಿನ್ಯಾಗ ಅದೀನ್ರಿ.” ಮರುವಾರ, “ಪ್ರಿನ್ಸಿಪಾಲರು ರಜಾ ಅದಾರ, ಸೋಮವಾರ ಬರ‍್ರಿ.” ಸೋಮವಾರ ಹೋದರೆ, “ಯುನಿವರ್ಸಿಟಿಯಿಂದ ಎಡಿಟ್ ಆಪ್ಷನ್ ಬಿಟ್ಟಿಲ್ಲ, ಬಿಟ್ಟ ಕೂಡ್ಲೆ ನಾವ ಫೋನ್ ಮಾಡ್ತೀವಿ.” ಮಗಳಿಗೇನೋ ಶಕ್ತಿ ಯೋಜನೆಯ ಬಸ್ಸು, ನನಗೆ ಪ್ರತಿ ಸಲ ಟಿಕೇಟಿನ ಜೊತೆಗೆ ಒಂದು ದಿನದ ದುಡಿಮೆಯೂ ಹೋಗುತ್ತಿತ್ತು.

ಹೀಗಿರುವಾಗ ನಮ್ಮೂರಿನದೇ ಇನ್ನೊಬ್ಬ ಹುಡುಗಿ ಅದೇ ಕಾಲೇಜಿನ ಪಿಸಿಎಂ ತರಗತಿಯಲ್ಲಿದ್ದಾಳೆಂದು ಮಗಳು ಹೇಳಿದಳು. ಅದೇನೂ ಆಶ್ಚರ್ಯದ ಮಾತಲ್ಲ, ನಮಗಿಂತ ಮೊದಲೇ ಬಂದಿರಬೇಕು ಎಂದುಕೊಂಡೆ. ಅವಳ ತಂದೆ ನನಗೆ ಪರಿಚಯದವರು; ಒಂದು ದಿನ ಬೋಜಾಪತ್ರದ ಕೆಲಸಕ್ಕೆ ಬಂದವರು ಮಾತಿನ ನಡುವೆ ಪ್ರವೇಶದ ರಸೀದಿಯನ್ನು ಕಿಸೆಯಿಂದ ತೆಗೆದು ತೋರಿಸಿದರು. ದಿನಾಂಕ ನೋಡಿದೆ. ನಮ್ಮ ರಸೀದಿಗಿಂತ ಹತ್ತು ದಿನ ಈಚಿನದು. ದಿನಾಂಕಗಳನ್ನು ತಾಳೆ ನೋಡುವುದೇ ನನ್ನ ಕೆಲಸ. ಆದರೂ ಆ ಚೀಟಿಯನ್ನು ಮೂರು ಸಲ ನೋಡಿದೆ. ಹತ್ತು ದಿನದ ನಂತರವೂ ಪಿಸಿಎಂ ಸೀಟು ಇತ್ತು. ನಾವು ಹೋದ ದಿನ ‘ತುಂಬಿತ್ತು’.

ಮರುದಿನವೇ ಹೋದೆ. ಈ ಸಲ ಚಹಾ ಇಲ್ಲ, ಕುರ್ಚಿಯೂ ಇಲ್ಲ. ರಸೀದಿಯ ವಿಷಯ ಎತ್ತಿದ್ದಕ್ಕೆ ಪ್ರಾಧ್ಯಾಪಕರು, “ಅದು ಬ್ಯಾರೆ ಕೆಟಗರಿ ಸೀಟ್ರಿ” ಎಂದರು. ಇಬ್ಬರೂ ಒಂದೇ ಪ್ರವರ್ಗದವರು ಎಂದೆ. “ನಿಮಗ ಸಿಸ್ಟಮ್ ತಿಳಿಯೂದಿಲ್ಲ” ಎಂದರು. ದನಿ ಏರಿಸಿದೆ. ಆಗ ಅಧೀಕ್ಷಕರು ಕಪಾಟಿನಿಂದ ಮಗಳ ಫೈಲು ತೆಗೆಸಿ, ಒಂದು ಹಾಳೆಯನ್ನು ನನ್ನ ಮುಂದಿಟ್ಟರು. ‘ನನ್ನ ಮಗಳು ಸಿಬಿಜೆಡ್ ವಿಷಯಗಳನ್ನು ಸ್ವ–ಇಚ್ಛೆಯಿಂದ ಆಯ್ಕೆ ಮಾಡಿಕೊಂಡಿದ್ದು, ಮುಂದೆ ಯಾವುದೇ ಕಾರಣಕ್ಕೂ ಬದಲಾವಣೆ ಕೋರುವುದಿಲ್ಲವೆಂದು ಬರೆದುಕೊಟ್ಟ ಮುಚ್ಚಳಿಕೆ.’ ಕೆಳಗೆ ನನ್ನ ಸಹಿ. ನನ್ನದೇ. ಸಾವಿರಾರು ಪತ್ರಗಳಲ್ಲಿ ಬರಹಗಾರನೆಂದು ಹಾಕಿದ ಅದೇ ಸಹಿ, ಕೊನೆಯ ಅಡ್ಡಗೆರೆಯ ಸಮೇತ.

“ನೀವು ಬಾಂಡ್ ರೈಟರ್ ಅಂತ ಅರ್ಜಿಯೊಳಗ ಬರದೀರಿ,” ಎಂದರು ಅಧೀಕ್ಷಕರು, ನಗಲಿಲ್ಲ, ಸಿಟ್ಟಾಗಲೂ ಇಲ್ಲ, “ಓದಲಾರದ ಸಹಿ ಮಾಡ್ತಾರೇನ್ರಿ?”

ಈ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. ಬಾಗಿಲ ಹತ್ತಿರ ಮಗಳು ನಿಂತಿದ್ದಳು, ಕೇಳಿಸಿಕೊಂಡಳು.

ಪ್ರಾಚಾರ್ಯರು ಮರ್ಯಾದೆಯಿಂದಲೇ ಮಾತನಾಡಿದರು. ಸಿಬಿಜೆಡ್ ಓದಿದವರೂ ಶಿಕ್ಷಕರಾಗುತ್ತಾರೆ, ಹೆಣ್ಣುಮಕ್ಕಳಿಗೆ ಅದು ಹಗುರ ಎಂದರು. ಶಿಕ್ಷಕರಾಗುತ್ತಾರೆ, ಗಣಿತ ಶಿಕ್ಷಕರಾಗುವುದಿಲ್ಲ ಎಂದೆ. ಪ್ರವೇಶ ರದ್ದುಪಡಿಸಿ ಹಣ ಕೊಡಿರೆಂದರೆ ಅವಧಿ ಮುಗಿದಿದೆ ಎಂದರು. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲಿ ಹೊರಡಿಸಿದ ನಿಯಮದ ಪ್ರಕಾರ ಪ್ರವೇಶದ ಕೊನೆಯ ದಿನದಿಂದ ಹದಿನೈದು ದಿನದೊಳಗೆ ಬಿಟ್ಟರೆ ಶುಲ್ಕದಲ್ಲಿ ಶೇ. 80ರಷ್ಟು, ಮೂವತ್ತು ದಿನದೊಳಗೆ ಶೇ. 50ರಷ್ಟು ಮರಳಿಸಬೇಕು, ಅದನ್ನು ದಾಟಿದರೆ ಏನೂ ಇಲ್ಲ. ‘ಸೋಮವಾರ ಬರ‍್ರಿ’ ಎಂಬುದಕ್ಕೆ ಅರ್ಥ ಮನೆಗೆ ಬಂದು ಕ್ಯಾಲೆಂಡರ್ ನೋಡಿದಾಗ ಹೊಳೆಯಿತು. ಸಿಬಿಜೆಡ್‌ಗೆ ಆ ವರ್ಷ ಮಕ್ಕಳು ಸಾಲದೆ ಬಿದ್ದಿದ್ದರಂತೆ, ಜೀವಶಾಸ್ತ್ರದ ಅಂಕವಿದ್ದವರು ಯಾರು ಬಂದರೂ ಅಲ್ಲಿಗೇ ತಳ್ಳುತ್ತಿದ್ದರಂತೆ. ಇದನ್ನು ಹೇಳಿದವರು ಅಲ್ಲಿನ ಸಿಬ್ಬಂದಿಯೇ. ನಿಜವೋ ಸುಳ್ಳೋ, ರಸೀದಿಯ ದಿನಾಂಕವಂತೂ ನಿಜ.

ಆದ್ದರಿಂದ ಹೇಳುತ್ತೇನೆ: ಅರ್ಜಿಯನ್ನು ಮನೆಯಲ್ಲೋ ನಿಮ್ಮ ನಂಬಿಕೆಯ ಕಂಪ್ಯೂಟರ್ ಅಂಗಡಿಯಲ್ಲೋ ಮಗುವಿನ ಕೈಯಿಂದಲೇ ತುಂಬಿಸಿ. ಕಾಲೇಜಿನವರು ತುಂಬಿದರೆ ಪರದೆಯ ಮೇಲೆ ಮೂರು ವಿಷಯಗಳ ಹೆಸರನ್ನು ಓದಿದ ಮೇಲೆಯೇ ಒಟಿಪಿ ಹೇಳಿ. ಸೀಟಿಲ್ಲವೆಂದರೆ ಅದನ್ನು ಬರವಣಿಗೆಯಲ್ಲಿ ಕೇಳಿ, ಆಗ ಇದ್ದಕ್ಕಿದ್ದಂತೆ ಸೀಟು ಹುಟ್ಟುತ್ತದೆ. ‘ಆಮೇಲೆ ಬದಲಿಸೋಣ’ ಎನ್ನುವವರ ಮಾತಿಗೆ ಎದ್ದು ಬಂದುಬಿಡಿ. ಮೂಲ ದಾಖಲೆಗಳನ್ನು ಅವರು ಹಿಡಿದಿಟ್ಟುಕೊಳ್ಳುವಂತಿಲ್ಲ, ಅದೂ ಅದೇ ಯುಜಿಸಿ ನಿಯಮದಲ್ಲಿದೆ.

ಮಗಳು ಈಗ ಸಿಬಿಜೆಡ್‌ನಲ್ಲಿಯೇ ಓದುತ್ತಿದ್ದಾಳೆ. ಒಂದು ವರ್ಷ ಮನೆಯಲ್ಲಿ ಕೂಡಿಸಿ ಮತ್ತೆ ಪ್ರವೇಶ ಮಾಡಿಸುತ್ತೇನೆಂದೆ. “ವರ್ಷ ಕಳಿಯೂದು ಬ್ಯಾಡಪ್ಪಾ” ಎಂದಳು, ಅಷ್ಟೇ. ಕತ್ತರಿ–ಚಿಮಟದ ಡಬ್ಬಿಯನ್ನು ಗಾಂಧಿ ಚೌಕದಿಂದ ತಾನೇ ಕೊಂಡು ತಂದಳು. ಇತ್ತೀಚೆಗೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ್ದೇನೆ: ಆ ಜೂನ್ ತಿಂಗಳಲ್ಲಿ ಯಾವ ದಿನ, ಯಾವ ವಿಷಯಗಳಿಗೆ ಎಷ್ಟು ಪ್ರವೇಶಗಳಾದವು ಎಂದು. ಉತ್ತರಕ್ಕೆ ಮೂವತ್ತು ದಿನದ ಅವಧಿ ಇದೆ. ಇಂದಿಗೆ ಹತ್ತೊಂಬತ್ತು ದಿನಗಳಾದವು.