ಹಿಮ್ಮಡಿ ನೋವಿಗೆ ಫಿಸಿಯೋಥೆರಪಿ: ದೀರ್ಘ ಬಳಕೆಯ ನಂತರದ ಅಭಿಪ್ರಾಯ, ಕಲಬುರಗಿಯಿಂದ

ಐದಕ್ಕೆ ನಾಲ್ಕು ಅಂಕ. ಆ ನಾಲ್ಕೂ ಸಲ್ಲಬೇಕಾದದ್ದು ವ್ಯಾಯಾಮಕ್ಕೆ, ಯಂತ್ರಕ್ಕಲ್ಲ. ಎಷ್ಟೋ ಕಡೆ ಸಿಟಿಂಗ್ ಅಂದರೆ ಮಂಚದ ಮೇಲೆ ಮಲಗಿಸಿ, ಜೆಲ್ ಹಚ್ಚಿ ಅಲ್ಟ್ರಾಸೌಂಡ್ (ಶಬ್ದದ ಅಲೆಯ) ಯಂತ್ರ ಆಡಿಸಿ, ನೋವಿಗೆಂದು ಐಎಫ್‌ಟಿ ಎಂಬ ಸಣ್ಣ ಕರೆಂಟ್ ಕೊಟ್ಟು ಮನೆಗೆ ಕಳಿಸುವುದು ಎಂದೇ ಆಗಿಬಿಟ್ಟಿದೆ. ಹಿಮ್ಮಡಿ ನೋವಿನ ಮಟ್ಟಿಗೆ ಅಲ್ಟ್ರಾಸೌಂಡ್‌ನಿಂದ ಹೆಚ್ಚಿನ ಲಾಭ ಕಂಡಿಲ್ಲ. ಅಮೆರಿಕದ ಫಿಸಿಯೋಥೆರಪಿಸ್ಟರು 2023ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಅದನ್ನು ಬಳಸಬೇಡಿ ಎಂದೇ ಹೇಳುತ್ತದೆ. ಹೀಗಾಗಿ ಹತ್ತು ಸಿಟಿಂಗ್‌ಗಳ ಪ್ಯಾಕೇಜಿಗೆ ಮುಂಗಡ ಕಟ್ಟಬೇಡಿ. ತಪಾಸಣೆಗೆ ಒಂದು ಭೇಟಿ, ವ್ಯಾಯಾಮ ಸರಿಯಾಗಿ ಕಲಿಯಲು ಒಂದೆರಡು, ಆಮೇಲೆ ಭಾರ ಹೆಚ್ಚಿಸುವಾಗ ತಿಂಗಳಿಗೊಂದು. ದುಡ್ಡು ಅಷ್ಟಕ್ಕೆ ಕೊಟ್ಟರೆ ಸಾಕು.

ಮೊದಲ ಭೇಟಿಯಲ್ಲೇ ಕ್ಲಿನಿಕ್ಕಿನ ಗುಣ ಗೊತ್ತಾಗುತ್ತದೆ. ಒಳ್ಳೆಯ ಫಿಸಿಯೋ ಎಕ್ಸ್‌ರೇ ನೋಡಿ "ಮುಳ್ಳು ಬೆಳೆದಿದೆ" ಎಂದು ಹೆದರಿಸುವುದಿಲ್ಲ. ಎಲುಬಿನ ಆ ಮುಳ್ಳು ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಇರುತ್ತದೆ. ಒಳ್ಳೆಯ ಫಿಸಿಯೋ ಹಿಮ್ಮಡಿಯ ತಳದಲ್ಲಿ, ಒಳಬದಿಗೆ ಹೆಬ್ಬೆರಳು ಊರಿ ಒತ್ತಿ ನೋಡುತ್ತಾರೆ. ನಿಲ್ಲಿಸಿ ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಎತ್ತುತ್ತಾರೆ. ಪಾದ ಗೋಡೆಯಿಂದ ಎಷ್ಟು ದೂರವಿದ್ದರೂ ಹಿಮ್ಮಡಿ ಏಳದೆ ಮೊಣಕಾಲು ಗೋಡೆಗೆ ತಾಗುತ್ತದೆ ಎಂದು ಅಳೆಯುತ್ತಾರೆ. ಎರಡು ಕಾಲಿಗೂ ಈ ಅಳತೆ ಬೇರೆ ಬಂದರೆ, ಕಡಿಮೆ ಬಂದ ಕಡೆಯ ಮೀನಖಂಡ ಬಿಗಿದಿರಬಹುದು.

ಹಿಮ್ಮಡಿಯನ್ನು ಎರಡೂ ಬದಿಯಿಂದ ಹಿಂಡಿದಾಗ ಜೋರು ನೋವಾದರೆ ಅದು ಎಲುಬಿನ ಬಿರುಕಿರಬಹುದು. ಅಂಗಾಲು ಜುಮ್ಮೆಂದರೆ ಅಥವಾ ಉರಿದರೆ ನರದ ತೊಂದರೆ ಇರಬಹುದು. ಎರಡೂ ಹಿಮ್ಮಡಿ ನೋವು, ಜೊತೆಗೆ ಬೆಳಗ್ಗೆ ಗಂಟೆಗಟ್ಟಲೆ ಸೊಂಟ ಬಿಗಿತ ಇದ್ದರೆ ಸಂಧಿವಾತದ ಡಾಕ್ಟರರಿಗೆ ತೋರಿಸಬೇಕು. ಈ ಮೂರಕ್ಕೂ ಕೆಳಗಿನ ವ್ಯಾಯಾಮ ಮದ್ದಲ್ಲ.

ಉಳಿದ ಬಹುಪಾಲು ನೋವು ಪ್ಲಾಂಟಾರ್ ಫ್ಯಾಸಿಯಾದ್ದು. ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ಬಿಲ್ಲಿನ ಹೆದೆಯ ಹಾಗೆ ಚಾಚಿಕೊಂಡ ಗಟ್ಟಿ ಪಟ್ಟಿ ಅದು. ಹಾಸಿಗೆಯಿಂದ ಎದ್ದ ಮೊದಲ ಹೆಜ್ಜೆಗೆ ಚುಚ್ಚಿ, ನಾಲ್ಕು ಹೆಜ್ಜೆಗೆ ಸಡಿಲವಾಗಿ, ಸಂಜೆಗೆ ಮತ್ತೆ ಹಿಡಿದುಕೊಂಡರೆ ಇದೇ. ಬೆರಳು ಮೇಲಕ್ಕೆ ಬಾಗಿದಾಗ ಪಟ್ಟಿ ಬಿಗಿಯುತ್ತದೆ. ಮುಂದಿನ ಎರಡೂ ವ್ಯಾಯಾಮಗಳು ನಿಂತಿರುವುದು ಇದರ ಮೇಲೆಯೇ.

ಒಂದು, ಎಳೆತ. ಬೆಳಗ್ಗೆ ನೆಲಕ್ಕೆ ಕಾಲಿಡುವ ಮುಂಚೆ, ಹಾಸಿಗೆಯಲ್ಲಿ ಕೂತೇ ನೋವಿನ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು ಬೆರಳುಗಳನ್ನು ಮೊಳಕಾಲಿನ ಕಡೆಗೆ ಎಳೆಯಬೇಕು. ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಂಗಾಲು ಮುಟ್ಟಿ ನೋಡಿ, ಪಟ್ಟಿ ತಂತಿಯಂತೆ ಎದ್ದಿರಬೇಕು. ಏಳದಿದ್ದರೆ ನೀವು ಎಳೆಯುತ್ತಿರುವುದು ಬೆರಳನ್ನಷ್ಟೇ. 10 ಸೆಕೆಂಡು ಹಿಡಿದು ಬಿಡುವುದು, ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ತುಂಬಾ ಹೊತ್ತು ಕೂತು ಎದ್ದೇಳುವ ಮುಂಚೆಯೂ ಮಾಡಬಹುದು.

ಎರಡು, ಭಾರ. ನನ್ನ ಪ್ರಕಾರ ಇಡೀ ಚಿಕಿತ್ಸೆಯ ಜೀವಾಳ ಇದೇ, ಮತ್ತು ಜನ ಕೈಬಿಡುವುದೂ ಇದನ್ನೇ. ಪಾವಟಿಗೆಯ ಅಂಚಿನ ಮೇಲೆ ಟವೆಲ್ ಸುರುಳಿ ಮಾಡಿಟ್ಟು, ಬೆರಳುಗಳು ಮಾತ್ರ ಅದರ ಮೇಲೆ ಬರುವಂತೆ ಒಂಟಿ ಕಾಲಲ್ಲಿ ನಿಲ್ಲಿ. ಹಿಮ್ಮಡಿ ಹೊರಗೆ ತೂಗಾಡಲಿ, ಕೈ ಗೋಡೆ ಹಿಡಿದಿರಲಿ. 3 ಸೆಕೆಂಡಿನಲ್ಲಿ ಮೇಲೆ ಏಳುವುದು, 2 ಸೆಕೆಂಡು ನಿಲ್ಲುವುದು, 3 ಸೆಕೆಂಡಿನಲ್ಲಿ ಇಳಿಯುವುದು. ದಿನ ಬಿಟ್ಟು ದಿನ. ಮೊದಲ ಎರಡು ವಾರ ಒಂದು ಸೆಟ್‌ಗೆ 12 ಸಲದಂತೆ 3 ಸೆಟ್. ಆಮೇಲೆ ಭಾರ ಏರಿಸಿ 10ರಂತೆ 4 ಸೆಟ್, ಶುರು ಮಾಡಿ ಒಂದು ತಿಂಗಳಾದ ಮೇಲೆ ಇನ್ನೂ ಏರಿಸಿ 8ರಂತೆ 5 ಸೆಟ್. ಭಾರ ಎಷ್ಟು ಅಂದರೆ, ಕೊನೆಯದನ್ನು ಎತ್ತಿದ ಮೇಲೆ ಇನ್ನೊಂದು ಎತ್ತಲಾಗಬಾರದು, ಅಷ್ಟು. ಡಂಬೆಲ್ ಬೇಡ. ಹೆಗಲಿಗೆ ಹಾಕುವ ಶಾಲೆಯ ಬ್ಯಾಗಿನಲ್ಲಿ ತೊಗರಿಬೇಳೆ ಪ್ಯಾಕೆಟ್ ಒಂದೊಂದೇ ಕಿಲೋ ಸೇರಿಸುತ್ತಾ ಹೋದರಾಯಿತು, ನಮ್ಮೂರಲ್ಲಿ ಅದಕ್ಕೇನು ಬರ! ಒಂಟಿ ಕಾಲಲ್ಲಿ 12 ಆಗದವರು ಎರಡೂ ಕಾಲಿಂದ ಶುರು ಮಾಡಲಿ.

ಎಡವುವ ಜಾಗಗಳು ಇವು: ಟವೆಲ್ ಹಿಂದೆ ಸರಿದು ಬೆರಳಿನ ಬುಡದ ಉಬ್ಬಿನ ಕೆಳಗೆ ಬಂದರೆ ಬೆರಳು ಬಾಗುವುದಿಲ್ಲ, ಪಟ್ಟಿಗೆ ಭಾರ ಬೀಳುವುದಿಲ್ಲ. ಗಡಬಡಿಸಿ ಮಾಡಿದರೂ ಅಷ್ಟೇ. ನೋವು ತಪ್ಪಿಸಲು ಪಾದ ಹೊರಬದಿಗೆ ವಾಲುತ್ತದೆ, ಕನ್ನಡಿ ಇಟ್ಟು ನೋಡಿಕೊಳ್ಳಿ. ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ. ಮಾರನೇ ಬೆಳಗಿನ ಮೊದಲ ಹೆಜ್ಜೆ ಮೊದಲಿಗಿಂತ ಹೆಚ್ಚು ನೋಯಿಸಿದರೆ ಭಾರ ಇಳಿಸಿ, ವ್ಯಾಯಾಮ ನಿಲ್ಲಿಸಬೇಡಿ.

ಸೆಟ್, ಸೆಕೆಂಡುಗಳ ಈ ಲೆಕ್ಕ ಡೆನ್ಮಾರ್ಕ್‌ನಲ್ಲಿ 48 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದ್ದು. ಮೂರು ತಿಂಗಳಿಗೆ ಭಾರದ ಗುಂಪು ಎಳೆತದ ಗುಂಪಿಗಿಂತ ಚೆನ್ನಾಗಿತ್ತು. ವರ್ಷ ತುಂಬುವಾಗ ಇಬ್ಬರೂ ಸರಿಸಮ. ಅಂದರೆ ಭಾರದಿಂದ ಆರಾಮ ಬೇಗ ಬರುತ್ತದೆ, ಆದರೆ ಆ "ಬೇಗ" ಎನ್ನುವುದೂ ತಿಂಗಳುಗಳ ಮಾತು. ಎರಡು ವಾರದಲ್ಲಿ ಗುಣ ಮಾಡುತ್ತೇವೆ ಎನ್ನುವವರನ್ನು ನಂಬಬೇಡಿ.

ನಮ್ಮ ಕಡೆಯ ದೊಡ್ಡ ಅಡ್ಡಿ ನೆಲದ್ದು. ಮನೆ ತುಂಬಾ ಶಹಾಬಾದ್ ಕಲ್ಲು, ಬೇಸಿಗೆಯಲ್ಲಿ ತಂಪೆಂದು ಅದರ ಮೇಲೆ ಬರಿಗಾಲಲ್ಲೇ ಓಡಾಟ. ನಿಂತು ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ಈ ಕಲ್ಲೇ ಶತ್ರು. ಕೌದಿ ಮಡಚಿ ಹಾಸಿಕೊಂಡರೆ ನುಣುಪು ಕಲ್ಲಿನ ಮೇಲೆ ಅದು ಜಾರುತ್ತದೆ. ಒಳಗೆಂದೇ ಒಂದು ಜೋಡಿ ದಪ್ಪ ಅಟ್ಟೆಯ, ಹಿಮ್ಮಡಿ ಕೊಂಚ ಎತ್ತರವಿರುವ ಚಪ್ಪಲಿ ಇಟ್ಟುಕೊಳ್ಳಿ, ಹಾಸಿಗೆ ಪಕ್ಕದಲ್ಲೇ ಇರಲಿ. ಸವೆದ ಹವಾಯಿ ಚಪ್ಪಲಿ ಲೆಕ್ಕಕ್ಕಿಲ್ಲ.

ಶರಣಬಸವೇಶ್ವರ ಗುಡಿಗೋ ಬಂದೇನವಾಜ್ ದರ್ಗಾಕ್ಕೋ ಹೋಗುವ ದಿನ ಬರಿಗಾಲು ತಪ್ಪದು, ಅಂದು ಟೇಪ್ ಸುತ್ತಿಸಿಕೊಳ್ಳಿ. ಹಿಗ್ಗದ ಜಿಂಕ್ ಆಕ್ಸೈಡ್ ಟೇಪ್ ಬೇಕು, ಹಿಗ್ಗುವ ಬಣ್ಣದ ಟೇಪ್ ಅಲ್ಲ. ಕಿರುಬೆರಳಿನ ಬುಡದಿಂದ ಹಿಮ್ಮಡಿ ಹಿಂದೆ ಬಳಸಿ ಹೆಬ್ಬೆರಳಿನ ಬುಡಕ್ಕೆ, ಆಮೇಲೆ ಅಂಗಾಲಿಗೆ ಅಡ್ಡ ಪಟ್ಟಿಗಳು. ಕಾಲು ತೊಳೆದು ಪೂರ್ತಿ ಒಣಗಿಸಿಯೇ ಹಚ್ಚಬೇಕು. ಏಪ್ರಿಲ್-ಮೇ ಬೆವರಿಗೆ ಒಂದೇ ದಿನಕ್ಕೆ ಅಂಚು ಬಿಡುತ್ತದೆ. ತುರಿಕೆ ಬಂದರೆ ತಕ್ಷಣ ಬಿಚ್ಚಿ. ಇದರ ಫಲ ಕೆಲವು ದಿನಗಳದ್ದು ಮಾತ್ರ.

ಬಿಸಿನೀರು-ಉಪ್ಪಿನಲ್ಲಿ ಕಾಲಿಡುವುದು ಹಿತ, ಗುಣವಲ್ಲ. ಶುಗರ್‌ನಿಂದ ಅಂಗಾಲಿನ ಸ್ಪರ್ಶ ಕಡಿಮೆಯಾದವರು ಬಿಸಿನೀರಿಗೂ ಐಸ್‌ಗೂ ಕಾಲು ಕೊಡಲೇಬಾರದು. ಸುಟ್ಟರೂ ಗೊತ್ತಾಗುವುದಿಲ್ಲ, ಆ ಗಾಯ ಬೇಗ ಮಾಯುವುದೂ ಇಲ್ಲ.

ಒಂದು ಅಂಕ ಕಡಿತ ಯಾಕೆಂದರೆ, ಮನೆಯಲ್ಲಿ ಮಾಡುವುದನ್ನು ಬರೆದುಕೊಡುವ ಕ್ಲಿನಿಕ್ಕುಗಳು ವಿರಳ. ಚೀಟಿಯಲ್ಲಿ ಸೆಟ್, ಸೆಕೆಂಡು, ಭಾರ, ಮುಂದಿನ ಏರಿಕೆ ಇಷ್ಟೂ ಕೇಳಿ ಬರೆಸಿಕೊಳ್ಳಿ. ಮೂರು ತಿಂಗಳು ಶಿಸ್ತಾಗಿ ಮಾಡಿಯೂ ಕದಲದಿದ್ದರೆ ಶಾಕ್‌ವೇವ್ (ಯಂತ್ರದಿಂದ ಹಿಮ್ಮಡಿಗೆ ಒತ್ತಡದ ಅಲೆ ಕೊಡುವ ಚಿಕಿತ್ಸೆ) ಬಗ್ಗೆ ಮಾತಾಡಬಹುದು. ಸ್ಟಿರಾಯ್ಡ್ ಇಂಜೆಕ್ಷನ್‌ನ ಆರಾಮ ಕೆಲ ವಾರಗಳದ್ದು, ಮೇಲಿಂದ ಮೇಲೆ ಹಾಕಿಸಿದರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಕರಗುವ ಅಪಾಯವಿದೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ.